ಜೆನಿತ್ ಕಜಾನ್ (ವಾಲಿಬಾಲ್ ಕ್ಲಬ್)

ಜೆನಿತ್ ಕಜಾನ್ ರಷ್ಯಾ ಒಕ್ಕೂಟದ ತತಾರ್‌ಸ್ತಾನ್ ಗಣರಾಜ್ಯದ ರಾಜಧಾನಿ ಕಜಾನ್ ನಗರದ ಪುರುಷರ ವೃತ್ತಿಪರ ವಾಲಿಬಾಲ್ ಕ್ಲಬ್ ಆಗಿದೆ. 2000ನೇ ಇಸವಿಯಲ್ಲಿ ಸ್ಥಾಪನೆಗೊಂಡ ಈ ಕ್ಲಬ್ ಯುರೋಪಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿಯನ್ನು ಆರು ಬಾರಿ (2008, 2012, 2015, 2016, 2017, 2018) ಮತ್ತು ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ಪನ್ನು 2017ರಲ್ಲಿ ಗೆದ್ದಿದೆ. 2007ರಿಂದ 2018ರವರೆಗಿನ ಹನ್ನೆರಡು ಋತುಗಳಲ್ಲಿ ಹತ್ತು ಬಾರಿ ರಷ್ಯಾದ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಪಡೆದಿದೆ. ಸೋವಿಯತ್ ಒಕ್ಕೂಟದ ಪತನಾನಂತರ ಹುಟ್ಟಿದ ರಷ್ಯಾದ ವಾಲಿಬಾಲ್ ಕ್ಲಬ್‌ಗಳಲ್ಲಿ ಇಷ್ಟು ಎತ್ತರಕ್ಕೆ ಏರಿದ್ದು ಇನ್ನೊಂದಿಲ್ಲ.

‘ಜೆನಿತ್’ ಎಂಬ ಹೆಸರು ಓದುಗರಲ್ಲಿ ಗೊಂದಲ ಹುಟ್ಟಿಸುವುದುಂಟು. ಸೇಂಟ್ ಪೀಟರ್ಸ್‌ಬರ್ಗ್ ನಗರದ ಪ್ರಸಿದ್ಧ ಫುಟ್‌ಬಾಲ್ ಕ್ಲಬ್ಬಿಗೂ ಇದೇ ಹೆಸರು. 2017ರಲ್ಲಿ ಅದೇ ನಗರದಲ್ಲಿ ಆರಂಭವಾದ ವಾಲಿಬಾಲ್ ಕ್ಲಬ್ಬಿಗೂ ಇದೇ ಹೆಸರು. ಈ ಲೇಖನವು ಕಜಾನ್ ನಗರದ ವಾಲಿಬಾಲ್ ಕ್ಲಬ್ಬನ್ನು ಕುರಿತದ್ದು.

ಹಿನ್ನೆಲೆ

ಕಜಾನ್ ನಗರವು ಮಾಸ್ಕೋದಿಂದ ಪೂರ್ವಕ್ಕೆ 700 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕಜಾಂಕಾ ನದಿಯು ವೋಲ್ಗಾ ನದಿಯನ್ನು ಸೇರುವ ಸ್ಥಳದಲ್ಲಿದೆ. ತತಾರ್ ಮತ್ತು ರಷ್ಯನ್ ಜನರು, ಮಸೀದಿ ಮತ್ತು ಚರ್ಚುಗಳು ಜೊತೆಜೊತೆಯಾಗಿರುವ ಊರು ಇದು. 2024ರ ಅಕ್ಟೋಬರ್‌ನಲ್ಲಿ ಬ್ರಿಕ್ಸ್ ಶೃಂಗಸಭೆ ನಡೆದಾಗ ಭಾರತದ ಪತ್ರಿಕೆಗಳಲ್ಲಿಯೂ ಈ ನಗರದ ಹೆಸರು ಪ್ರತಿದಿನ ಕಾಣಿಸಿಕೊಂಡಿತ್ತು.

ಸೋವಿಯತ್ ಕಾಲದ ವಾಲಿಬಾಲಿನಲ್ಲಿ ಕಜಾನ್‌ಗೆ ಹೇಳಿಕೊಳ್ಳುವಂತಹ ಸ್ಥಾನವಿರಲಿಲ್ಲ. ಆಗ ಪ್ರಭುತ್ವ ನಡೆಸಿದ್ದು ಮಾಸ್ಕೋದ ಸೇನಾ ಕ್ಲಬ್ ಸಿಎಸ್‌ಕೆಎ. ಸೋವಿಯತ್ ಚಾಂಪಿಯನ್ ಪಟ್ಟವನ್ನು 33 ಬಾರಿ ಮತ್ತು ಯುರೋಪಿನ ಚಾಂಪಿಯನ್ಸ್ ಕಪ್ಪನ್ನು 13 ಬಾರಿ ಗೆದ್ದ ಆ ತಂಡದ ಬೆನ್ನಿಗೆ ಇಡೀ ರಾಷ್ಟ್ರದ ಸೇನೆಯಿತ್ತು. 1991ರಲ್ಲಿ ಒಕ್ಕೂಟವೇ ಕುಸಿದಾಗ ಆ ಆಸರೆಯೂ ಸಡಿಲಗೊಂಡಿತು. ಹೆಸರಾಂತ ಆಟಗಾರರು ಇಟಲಿಯ ಲೀಗ್‌ನತ್ತ ಹೊರಟರು. ತೊಂಬತ್ತರ ದಶಕದ ನಡುವಿನಿಂದ ಉಕ್ರೇನ್ ಗಡಿಯ ಸಮೀಪದ ಬೆಲ್ಗೊರೊದ್ ನಗರದ ತಂಡ ಮುಂದೆ ಬಂದಿತು. 1997ರಿಂದ 2005ರ ಅವಧಿಯಲ್ಲಿ ಅದು ಏಳು ಬಾರಿ ರಷ್ಯಾದ ಚಾಂಪಿಯನ್ ಆಯಿತು. ಕ್ಲಬ್‌ಗಳನ್ನು ಸಾಕುವ ಹೊಣೆ ಸರ್ಕಾರಿ ಇಲಾಖೆಗಳಿಂದ ಪ್ರಾಂತೀಯ ಆಡಳಿತಗಳಿಗೂ ದೊಡ್ಡ ಕಂಪನಿಗಳಿಗೂ ವರ್ಗವಾದ ಕಾಲವದು. ಕಜಾನ್‌ನ ಕ್ಲಬ್ ಈ ಬದಲಾವಣೆಯ ಶಿಶು.

ಸ್ಥಾಪನೆ ಮತ್ತು ಹೆಸರಿನ ಬದಲಾವಣೆ

ಕ್ಲಬ್ ಮೊದಲು ಆಡಿದ್ದು ‘ದಿನಾಮೊ’ ಎಂಬ ಹೆಸರಿನಲ್ಲಿ. ದಿನಾಮೊ ಎಂಬುದು 1923ರಲ್ಲಿ ಭದ್ರತಾ ಇಲಾಖೆಯ ಆಶ್ರಯದಲ್ಲಿ ಆರಂಭವಾದ ಕ್ರೀಡಾಸಂಘ. ರಷ್ಯಾದ ಹಲವು ಊರುಗಳ ತಂಡಗಳು ಇಂದಿಗೂ ಆ ಹೆಸರನ್ನು ಹೊತ್ತಿವೆ. ಕಜಾನ್ ತಂಡದ ಹೆಸರಿನ ಜೊತೆಗೆ ಶೀಘ್ರದಲ್ಲಿಯೇ ಪ್ರಾಯೋಜಕ ಸಂಸ್ಥೆ ‘ತತ್‌ತ್ರಾನ್ಸ್‌ಗಾಜ್’ನ ಹೆಸರೂ ಸೇರಿತು. ತತಾರ್‌ಸ್ತಾನದಲ್ಲಿ ಕೊಳವೆಮಾರ್ಗದ ಮೂಲಕ ನೈಸರ್ಗಿಕ ಅನಿಲವನ್ನು ಸಾಗಿಸುವ ಈ ಸಂಸ್ಥೆ, ರಷ್ಯಾದ ಬೃಹತ್ ಅನಿಲ ಕಂಪನಿ ಗಾಜ್‌ಪ್ರೊಮ್‌ನ ಅಂಗಸಂಸ್ಥೆ. 2004ರಲ್ಲಿ ತಂಡ ರಷ್ಯನ್ ಕಪ್ ಗೆದ್ದಿತು. ಹುಟ್ಟಿ ನಾಲ್ಕೇ ವರ್ಷವಾಗಿದ್ದ ತಂಡಕ್ಕೆ ಅದು ಮೊದಲ ದೊಡ್ಡ ಪ್ರಶಸ್ತಿ.

2008ರಲ್ಲಿ ಕ್ಲಬ್ಬಿಗೆ ‘ಜೆನಿತ್’ ಎಂಬ ಈಗಿನ ಹೆಸರು ಬಂದಿತು. ಗಾಜ್‌ಪ್ರೊಮ್ ಪೋಷಿಸುತ್ತಿದ್ದ ಪೀಟರ್ಸ್‌ಬರ್ಗ್ ಫುಟ್‌ಬಾಲ್ ಕ್ಲಬ್ಬಿನ ಹೆಸರೂ ಇದೇ ಎಂಬುದನ್ನು ಗಮನಿಸಿದರೆ ಹೆಸರು ಎಲ್ಲಿಂದ ಬಂದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರಿನ ಇತಿಹಾಸಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಯಜಮಾನನ ಮನೆಯ ಹೆಸರನ್ನು ಮಗುವಿಗೆ ಇಟ್ಟಂತೆ ಇದು. ಕಜಾನ್‌ನ ಮಹಿಳಾ ವಾಲಿಬಾಲ್ ತಂಡ ಮಾತ್ರ ದಿನಾಮೊ ಹೆಸರನ್ನು ಉಳಿಸಿಕೊಂಡಿದೆ.

ಕ್ಲಬ್ಬಿನ ತವರು ಕ್ರೀಡಾಂಗಣ ಕಜಾನ್‌ನ ವಾಲಿಬಾಲ್ ಕೇಂದ್ರ. 2013ರಲ್ಲಿ ನಗರದಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಪೂರ್ವಭಾವಿಯಾಗಿ ನಿರ್ಮಾಣವಾದ ಈ ಒಳಾಂಗಣದ ಹೆಸರು ‘ಸಾಂಕ್ತ್-ಪೀಟರ್ಸ್‌ಬರ್ಗ್’ ಎಂದಿರುವುದು ಗೊಂದಲಕ್ಕೆ ಇನ್ನಷ್ಟು ಇಂಬು ಕೊಡುತ್ತದೆ.

ಮೊದಲ ಯುರೋಪಿಯನ್ ಪ್ರಶಸ್ತಿ

ತರಬೇತುದಾರ ವಿಕ್ತೊರ್ ಸಿದೆಲ್ನಿಕೊವ್ ಅವರ ಕಾಲದಲ್ಲಿ, 2007ರಲ್ಲಿ, ಕ್ಲಬ್ ಮೊದಲ ಬಾರಿಗೆ ರಷ್ಯಾದ ಚಾಂಪಿಯನ್ ಆಯಿತು. ಮರುವರ್ಷ ಪೋಲೆಂಡಿನ ವೂಚ್ ನಗರದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯದಲ್ಲಿ ಇಟಲಿಯ ಪಿಯಾಚೆಂಜಾ ತಂಡವನ್ನು 3–2 ಸೆಟ್‌ಗಳಿಂದ ಸೋಲಿಸಿತು. ಅಮೆರಿಕದ ಸೆಟ್ಟರ್ ಲಾಯ್ ಬಾಲ್, ಅದೇ ದೇಶದ ಪ್ರಬಲ ಹೊಡೆತಗಾರ ಕ್ಲೇಟನ್ ಸ್ಟ್ಯಾನ್ಲಿ ಮತ್ತು ಬೆಲ್ಗೊರೊದ್‌ನಿಂದ ಬಂದಿದ್ದ ಸೆರ್ಗೆಯ್ ತೆತ್ಯೂಖಿನ್ ಆ ತಂಡದ ಆಧಾರಸ್ತಂಭಗಳಾಗಿದ್ದರು. ಆರು ಒಲಿಂಪಿಕ್ಸ್‌ಗಳಲ್ಲಿ ಆಡಿ ನಾಲ್ಕು ಪದಕ ಗೆದ್ದ ತೆತ್ಯೂಖಿನ್ ರಷ್ಯಾದ ವಾಲಿಬಾಲಿನ ಅತ್ಯಂತ ದೀರ್ಘಬಾಳ್ವೆಯ ಆಟಗಾರರಲ್ಲಿ ಒಬ್ಬರು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ನಡೆದ ಬೀಜಿಂಗ್ ಒಲಿಂಪಿಕ್ಸ್ ಒಂದು ವಿಚಿತ್ರ ಸನ್ನಿವೇಶವನ್ನು ತಂದಿತು. ಸೆಮಿಫೈನಲ್‌ನಲ್ಲಿ ಅಮೆರಿಕ ಮತ್ತು ರಷ್ಯಾ ಎದುರುಬದುರಾದವು. ಬಾಲ್ ಮತ್ತು ಸ್ಟ್ಯಾನ್ಲಿ ಒಂದು ಬದಿಗೆ, ತೆತ್ಯೂಖಿನ್ ಇನ್ನೊಂದು ಬದಿಗೆ. ರಷ್ಯಾ ತಂಡದ ತರಬೇತುದಾರರಾಗಿದ್ದ ವ್ಲಾದಿಮಿರ್ ಅಲೆಕ್ನೊ ಆ ವರ್ಷವೇ ಕಜಾನ್ ಕ್ಲಬ್ಬಿನ ಹೊಣೆ ಹೊರುವವರಿದ್ದರು. ಅಮೆರಿಕ 3–2ರಿಂದ ಗೆದ್ದಿತು, ಮುಂದೆ ಚಿನ್ನವನ್ನೂ ಪಡೆಯಿತು. ಸ್ಟ್ಯಾನ್ಲಿ ಕೂಟದ ಅತ್ಯುತ್ತಮ ಆಟಗಾರನೆನಿಸಿದರು. ರಷ್ಯಾಕ್ಕೆ ದಕ್ಕಿದ್ದು ಕಂಚು. ಗಾಜ್‌ಪ್ರೊಮ್‌ನ ಹಣದಿಂದ ಕಜಾನ್‌ನಲ್ಲಿ ಆಡುತ್ತಿದ್ದ ಇಬ್ಬರು ವಿದೇಶಿಯರೇ ರಷ್ಯಾದ ಚಿನ್ನದ ಆಸೆಗೆ ಅಡ್ಡಿಯಾದುದು ಈ ಕ್ಲಬ್ಬಿನ ಚರಿತ್ರೆಯಲ್ಲಿ ಮರೆಯಲಾಗದ ಸಂಗತಿ.

ಅಲೆಕ್ನೊ ಯುಗ (2008–2021)

ವ್ಲಾದಿಮಿರ್ ಅಲೆಕ್ನೊ 1966ರಲ್ಲಿ ಬೆಲಾರುಸ್‌ನ ಪೊಲೊತ್ಸ್ಕ್ ನಗರದಲ್ಲಿ ಜನಿಸಿದವರು. ಮಾಸ್ಕೋದ ದಿನಾಮೊ ತಂಡವನ್ನು 2006ರಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದ್ದ ಅವರು 2008ರಲ್ಲಿ ಕಜಾನ್‌ಗೆ ಬಂದು ಹದಿಮೂರು ವರ್ಷ ಅಲ್ಲಿಯೇ ನೆಲೆಸಿದರು. ಎರಡು ಋತುಗಳಲ್ಲಿ ಫಲ ಕಾಣದಿದ್ದರೆ ತರಬೇತುದಾರನನ್ನು ಬದಲಿಸುವ ವೃತ್ತಿಪರ ಕ್ರೀಡಾಲೋಕದಲ್ಲಿ ಇಷ್ಟು ದೀರ್ಘ ಅವಧಿ ಅಪರೂಪ. ಅವರ ಕೈಯಲ್ಲಿ ತಂಡವು 2009ರಿಂದ 2012ರವರೆಗೆ ಸತತ ನಾಲ್ಕು ಬಾರಿ ರಷ್ಯಾದ ಚಾಂಪಿಯನ್ ಆಯಿತು. 2013ರಲ್ಲಿ ಬೆಲ್ಗೊರೊದ್ ಆ ಸರಣಿಯನ್ನು ಮುರಿಯಿತು. ಅನಂತರ 2014ರಿಂದ 2018ರವರೆಗೆ ಮತ್ತೆ ಸತತ ಐದು.

ಯುರೋಪಿನಲ್ಲಿ ಹಾದಿ ಅಷ್ಟು ಸುಗಮವಾಗಿರಲಿಲ್ಲ. ಇಟಲಿಯ ತ್ರೆಂತಿನೊ ತಂಡ ಆಗ ಅಜೇಯವೆನಿಸಿತ್ತು. 2011ರಲ್ಲಿ ಬೊಲ್ಜಾನೊ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದು ಕಜಾನ್ ತಂಡವನ್ನು 3–1ರಿಂದ ಸೋಲಿಸಿ ಸತತ ಮೂರನೆಯ ಬಾರಿಗೆ ಪ್ರಶಸ್ತಿ ಪಡೆಯಿತು. ಮರುವರ್ಷ ವೂಚ್‌ನಲ್ಲಿ, ಪೋಲೆಂಡಿನ ಸ್ಕ್ರಾ ಬೆಲ್ಹಾತುವ್ ತಂಡದ ಎದುರು, ಅದರದೇ ನಾಡಿನ ಪ್ರೇಕ್ಷಕರ ನಡುವೆ, ಜೆನಿತ್ ಐದು ಸೆಟ್‌ಗಳ ಪಂದ್ಯವನ್ನು ಗೆದ್ದಿತು. ವಾಲಿಬಾಲಿನಲ್ಲಿ ಮೊದಲ ನಾಲ್ಕು ಸೆಟ್‌ಗಳು 25 ಅಂಕಗಳಿಗೆ, ನಿರ್ಣಾಯಕ ಐದನೆಯ ಸೆಟ್ 15 ಅಂಕಗಳಿಗೆ ನಡೆಯುತ್ತವೆ; ಎರಡು ಅಂಕಗಳ ಅಂತರವಿಲ್ಲದೆ ಯಾವ ಸೆಟ್ಟೂ ಮುಗಿಯುವುದಿಲ್ಲ. ಅಂದಿನ ಐದನೆಯ ಸೆಟ್ 15 ಅಂಕಗಳನ್ನು ದಾಟಿ ಸಾಗಿತ್ತು.

2012ರ ಬೇಸಿಗೆಯಲ್ಲಿ ಅಲೆಕ್ನೊ ಮತ್ತೆ ರಾಷ್ಟ್ರೀಯ ತಂಡದ ಚುಕ್ಕಾಣಿ ಹಿಡಿದು ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಮಕ್ಸಿಮ್ ಮಿಖೈಲೊವ್, ನಿಕೊಲಾಯ್ ಅಪಲಿಕೊವ್, ಅಲೆಕ್ಸಾಂದರ್ ವೋಲ್ಕೊವ್ ಮೊದಲಾದ ಕಜಾನ್ ಆಟಗಾರರು ಅವರ ಜೊತೆಗಿದ್ದರು. ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಮೊದಲೆರಡು ಸೆಟ್‌ಗಳನ್ನು 25–19, 25–20ರಿಂದ ಗೆದ್ದುಕೊಂಡಿತು. ಮೂರನೆಯ ಸೆಟ್ಟಿನಲ್ಲಿ ಅಲೆಕ್ನೊ ಒಂದು ಸಾಹಸಕ್ಕೆ ಕೈಹಾಕಿದರು: ನಡುವಿನಲ್ಲಿ ನಿಂತು ತಡೆಯೊಡ್ಡುತ್ತಿದ್ದ 218 ಸೆಂಟಿಮೀಟರ್ ಎತ್ತರದ ದ್ಮಿತ್ರಿ ಮುಸೆರ್ಸ್ಕಿಯನ್ನು ಮುಖ್ಯ ಹೊಡೆತಗಾರನ ಸ್ಥಾನಕ್ಕೆ ತಂದರು, ಆ ಸ್ಥಾನದಲ್ಲಿದ್ದ ತಮ್ಮ ಕ್ಲಬ್ಬಿನ ಮಿಖೈಲೊವ್ ಅವರನ್ನು ಅಂಚಿಗೆ ಸರಿಸಿದರು. ಎರಡು ಬಾರಿ ಬ್ರೆಜಿಲ್‌ಗೆ ಪಂದ್ಯವನ್ನು ಮುಗಿಸುವ ಅಂಕ ಎದುರಿತ್ತು, ಎರಡು ಬಾರಿಯೂ ರಷ್ಯಾ ಉಳಿದುಕೊಂಡಿತು. 29–27, 25–22, 15–9. ಮುಸೆರ್ಸ್ಕಿ ಬೆಲ್ಗೊರೊದ್‌ನ ಆಟಗಾರ, ಆದ್ದರಿಂದ ಈ ಕೀರ್ತಿ ಕಜಾನ್ ಒಂದರದೇ ಅಲ್ಲ. ಆದರೆ ತನ್ನ ತಂಡದ ಅತ್ಯುತ್ತಮ ಹೊಡೆತಗಾರನನ್ನು ರೂಢಿಯ ಜಾಗದಿಂದ ಕದಲಿಸುವ ಧೈರ್ಯವು, ಆ ಆಟಗಾರನನ್ನು ಕ್ಲಬ್ಬಿನಲ್ಲಿ ದಿನವೂ ಕಂಡ ಗುರುವಿಗೆ ಮಾತ್ರ ಬರುವಂಥದು.

ಸತತ ನಾಲ್ಕು ಚಾಂಪಿಯನ್ಸ್ ಲೀಗ್

2014ರಲ್ಲಿ ಕ್ಯೂಬಾದ ವಿಲ್ಫ್ರೆಡೊ ಲಿಯೋನ್ ಕಜಾನ್ ಸೇರಿದುದು ಕ್ಲಬ್ಬಿನ ಚರಿತ್ರೆಯ ದೊಡ್ಡ ತಿರುವು. 1993ರಲ್ಲಿ ಸಾಂತಿಯಾಗೊ ದೆ ಕ್ಯೂಬಾದಲ್ಲಿ ಜನಿಸಿದ ಲಿಯೋನ್ ಹದಿನೇಳನೆಯ ವಯಸ್ಸಿನಲ್ಲಿಯೇ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯ ಆಡಿದ್ದರು. ವಿದೇಶಿ ಕ್ಲಬ್‌ಗಳಲ್ಲಿ ಆಡಲು ದೇಶ ಬಿಟ್ಟವರನ್ನು ಕ್ಯೂಬಾ ತನ್ನ ರಾಷ್ಟ್ರೀಯ ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ದೇಶ ಬಿಟ್ಟ ಮೇಲೆ ಕೆಲಕಾಲ ಅಂಕಣದಿಂದ ದೂರವಿದ್ದ ಲಿಯೋನ್ ಕಜಾನ್‌ನಲ್ಲಿ ಮತ್ತೆ ಆಟಕ್ಕೆ ಮರಳಿದರು. ಮುಂದೆ ಅವರು ಪೋಲೆಂಡಿನ ಪೌರತ್ವ ಪಡೆದು 2019ರಿಂದ ಆ ದೇಶದ ಪರವಾಗಿ ಆಡತೊಡಗಿದರು.

ರಷ್ಯಾದ ಲೀಗ್‌ನಲ್ಲಿ ಒಂದೇ ವೇಳೆಗೆ ಇಬ್ಬರಿಗಿಂತ ಹೆಚ್ಚು ವಿದೇಶಿಯರು ಅಂಕಣದಲ್ಲಿ ಇರುವಂತಿರಲಿಲ್ಲ. ಈ ನಿಯಮವನ್ನು ಅರಿಯದೆ ಜೆನಿತ್‌ನ ಯಶಸ್ಸನ್ನು ಅರಿಯುವುದು ಕಷ್ಟ. ಎರಡು ಸ್ಥಾನಗಳನ್ನು ಲಿಯೋನ್ ಮತ್ತು ಅಮೆರಿಕದ ಮ್ಯಾಥ್ಯೂ ಆಂಡರ್ಸನ್ ತುಂಬಿದರು. 2012ರಿಂದಲೇ ಕಜಾನ್‌ನಲ್ಲಿದ್ದ ಆಂಡರ್ಸನ್ ಚೆಂಡನ್ನು ಸ್ವೀಕರಿಸುವುದರಲ್ಲಿಯೂ ಹೊಡೆಯುವುದರಲ್ಲಿಯೂ ಸಮಾನ ಕುಶಲರು. ಉಳಿದ ಸ್ಥಾನಗಳಲ್ಲಿ ರಷ್ಯನ್ನರೇ ಇರಬೇಕು. ಆದ್ದರಿಂದ ಹಣವುಳ್ಳ ಕ್ಲಬ್ ಕೂಡ ತನ್ನ ಎರಡು ಆಯ್ಕೆಗಳನ್ನು ಅಳೆದು ತೂಗಿ ಬಳಸಬೇಕಿತ್ತು. ಒಮ್ಮೆ ಆ ಸ್ಥಾನ ಸೆಟ್ಟರ್‌ಗೆ ಹೋಗಿತ್ತು: ಮೊದಲು ಲಾಯ್ ಬಾಲ್, ಆಮೇಲೆ ಇಟಲಿಯ ವಲೇರಿಯೊ ವೆರ್ಮಿಲ್ಯೊ, 2013–14ರಲ್ಲಿ ಸೆರ್ಬಿಯಾದ ನಿಕೊಲಾ ಗ್ರ್ಬಿಚ್. ಲಿಯೋನ್ ಬಂದ ಮೇಲೆ ಚೆಂಡನ್ನು ಎತ್ತಿಕೊಡುವ ಕೆಲಸ ರಷ್ಯನ್ನರ ಪಾಲಾಯಿತು. ಆ ಸರಣಿಯ ಕೊನೆಯ ವರ್ಷಗಳಲ್ಲಿ ಅದನ್ನು ನಿರ್ವಹಿಸಿದವರು ಅಲೆಕ್ಸಾಂದರ್ ಬುತ್ಕೊ.

ಇವರೆಲ್ಲರ ನಡುವೆ ತಂಡದ ನಿಜವಾದ ಬೆನ್ನೆಲುಬು ಮಕ್ಸಿಮ್ ಮಿಖೈಲೊವ್. 1988ರಲ್ಲಿ ಲೆನಿನ್‌ಗ್ರಾದ್ ಪ್ರಾಂತದಲ್ಲಿ ಜನಿಸಿ, ಯಾರೊಸ್ಲಾವ್ಲ್ ನಗರದ ತಂಡದಲ್ಲಿ ಬೆಳೆದು 2010ರಲ್ಲಿ ಕಜಾನ್‌ಗೆ ಬಂದ ಅವರು, ಸೆಟ್ಟರ್‌ಗೆ ಕರ್ಣೀಯವಾಗಿ ನಿಲ್ಲುವ ಮುಖ್ಯ ಹೊಡೆತಗಾರ. ಈ ಸ್ಥಾನದ ಆಟಗಾರ ಸಾಮಾನ್ಯವಾಗಿ ಎದುರಾಳಿಯ ಸರ್ವ್ ಸ್ವೀಕರಿಸುವ ಭಾರದಿಂದ ಮುಕ್ತ. ಬದಲಿಗೆ, ಹಿಂದಿನ ಸಾಲಿನಲ್ಲಿದ್ದಾಗಲೂ ಮೂರು ಮೀಟರ್ ಗೆರೆಯ ಹಿಂದಿನಿಂದ ನೆಗೆದು ಹೊಡೆಯಬೇಕು. ಎತ್ತಿಕೊಟ್ಟ ಚೆಂಡು ಕೆಟ್ಟಾಗ, ಎದುರಿಗೆ ಮೂವರ ತಡೆಗೋಡೆ ಎದ್ದಾಗ, ಕೊನೆಗೆ ಚೆಂಡು ಹೋಗುವುದು ಅವನ ಕಡೆಗೇ. ಲಿಯೋನ್ ಅವರ ಮಿಂಚಿನ ಸರ್ವ್‌ಗಳು ಸುದ್ದಿಯಾದ ವರ್ಷಗಳಲ್ಲಿ ಈ ನಿತ್ಯದ ಭಾರವನ್ನು ಹೊತ್ತವರು ಮಿಖೈಲೊವ್. ವಿದೇಶಿಯರು ಬಂದು ಹೋದರು, ಅವರು ಉಳಿದರು.

2015ರಲ್ಲಿ ಬರ್ಲಿನ್‌ನಲ್ಲಿ ಪೋಲೆಂಡಿನ ರೆಸೋವಿಯಾ ತಂಡದ ವಿರುದ್ಧ 3–0 ಜಯ. 2016ರಲ್ಲಿ ಕ್ರಾಕುವ್‌ನಲ್ಲಿ ಹಳೆಯ ಎದುರಾಳಿ ತ್ರೆಂತಿನೊ ವಿರುದ್ಧ 3–2. ಬೊಲ್ಜಾನೊದ ಲೆಕ್ಕ ಐದು ವರ್ಷಗಳ ಬಳಿಕ ಚುಕ್ತಾ ಆಯಿತು. 2017ರಲ್ಲಿ ರೋಮ್ ನಗರದಲ್ಲಿ ಪೆರೂಜಾ ವಿರುದ್ಧ 3–0. 2018ರಲ್ಲಿ ಅಂತಿಮ ಸುತ್ತು ಕಜಾನ್‌ಗೇ ಬಂದಿತು. ಇಟಲಿಯ ಲೂಬೆ ಚಿವಿತನೋವಾ ತಂಡ ತವರಿನ ತಂಡವನ್ನು ಐದನೆಯ ಸೆಟ್ಟಿನವರೆಗೂ ಎಳೆದೊಯ್ದಿತು. ಕೊನೆಗೆ ಜೆನಿತ್ 3–2ರಿಂದ ಗೆದ್ದಿತು. ಲಿಯೋನ್ ಆಡಿದ್ದು ನಾಲ್ಕು ಋತು, ಪಡೆದದ್ದು ನಾಲ್ಕು ಚಾಂಪಿಯನ್ಸ್ ಲೀಗ್.

ಯುರೋಪಿನ ಅಗ್ರ ಟೂರ್ನಿಯನ್ನು ಸತತ ನಾಲ್ಕು ಬಾರಿ ಗೆಲ್ಲುವುದು ಇದಕ್ಕೆ ಮೊದಲು ಒಂದೇ ಪುರುಷರ ತಂಡಕ್ಕೆ ಸಾಧ್ಯವಾಗಿತ್ತು: 1986ರಿಂದ 1989ರವರೆಗೆ, ಸಿಎಸ್‌ಕೆಎಗೆ. ಟೂರ್ನಿಗೆ ಆಗ ಚಾಂಪಿಯನ್ಸ್ ಕಪ್ ಎಂಬ ಹೆಸರಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಸಿಎಸ್‌ಕೆಎ ಇಡೀ ಸೋವಿಯತ್ ಒಕ್ಕೂಟದ ಪ್ರತಿಭೆಗಳನ್ನು ಸೇನಾಸೇವೆಯ ಹೆಸರಿನಲ್ಲಿ ಸೆಳೆದುಕೊಳ್ಳಬಲ್ಲ ತಂಡವಾಗಿತ್ತು. ಜೆನಿತ್ ಅನಿಲದ ವರಮಾನದಿಂದ ಆಟಗಾರರನ್ನು ಕೊಂಡಿತು. ಆದರೆ ಅದೇ ಕಾಲದಲ್ಲಿ ಇಟಲಿ, ಪೋಲೆಂಡ್, ಟರ್ಕಿಯ ಶ್ರೀಮಂತ ಕ್ಲಬ್‌ಗಳೂ ಆಟಗಾರರನ್ನು ಕೊಳ್ಳುತ್ತಿದ್ದವು. ‘ಹಣದಿಂದ ಗೆದ್ದ ತಂಡ’ ಎಂಬ ಟೀಕೆಯಲ್ಲಿ ಸತ್ಯವಿದೆಯಾದರೂ, ಒಬ್ಬನೇ ತರಬೇತುದಾರನನ್ನು ಹದಿಮೂರು ವರ್ಷ ನಂಬಿದುದನ್ನಾಗಲಿ ನಾಲ್ಕು ಅಂತಿಮ ಪಂದ್ಯಗಳನ್ನು ಐದನೆಯ ಸೆಟ್ಟಿನಲ್ಲಿ ಗೆದ್ದುದನ್ನಾಗಲಿ ಹಣವೊಂದೇ ವಿವರಿಸಲಾರದು. ಜೊತೆಗೆ, 2013ರಲ್ಲಿ ನೊವೊಸಿಬಿರ್ಸ್ಕ್‌ನ ಲೊಕೊಮೊತಿವ್ ಮತ್ತು 2014ರಲ್ಲಿ ಬೆಲ್ಗೊರೊದ್ ತಂಡಗಳೂ ಇದೇ ಪ್ರಶಸ್ತಿ ಗೆದ್ದುದರಿಂದ 2012ರಿಂದ 2018ರವರೆಗೆ ಏಳು ವರ್ಷ ಚಾಂಪಿಯನ್ಸ್ ಲೀಗ್ ರಷ್ಯಾ ಬಿಟ್ಟು ಹೋಗಲಿಲ್ಲ. ಒಂದು ಕ್ಲಬ್ಬಿನ ಏಳಿಗೆ ಇಡೀ ಲೀಗ್‌ನ ಮಟ್ಟದೊಂದಿಗೆ ಬೆಳೆದದ್ದಕ್ಕೆ ಇದು ಸಾಕ್ಷಿ.

ವಿಶ್ವ ಕ್ಲಬ್ ಚಾಂಪಿಯನ್‌ಷಿಪ್

ವಿಶ್ವಮಟ್ಟದಲ್ಲಿ ಜೆನಿತ್‌ಗೆ ಅಡ್ಡಗಾಲಾದದ್ದು ಬ್ರೆಜಿಲ್‌ನ ಸಾದಾ ಕ್ರುಜೈರೊ. ಆ ದೇಶದ ಬೆತಿಮ್ ನಗರದಲ್ಲಿ ನಡೆದ 2015 ಮತ್ತು 2016ರ ಅಂತಿಮ ಪಂದ್ಯಗಳೆರಡರಲ್ಲಿಯೂ ಕಜಾನ್ ಸೋತಿತು, ಮೊದಲು 1–3ರಿಂದ, ಬಳಿಕ 0–3ರಿಂದ. 2017ರ ಡಿಸೆಂಬರ್‌ನಲ್ಲಿ ಕೂಟ ಪೋಲೆಂಡಿನಲ್ಲಿ ನಡೆದಾಗ ಲೂಬೆ ಚಿವಿತನೋವಾವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆಯಿತು. ಯುರೋಪ್, ರಷ್ಯಾ ಮತ್ತು ವಿಶ್ವದ ಪಟ್ಟಗಳನ್ನು ಒಂದೇ ವರ್ಷದಲ್ಲಿ ಹೊಂದಿದ್ದ ಆ 2017ನ್ನು ಕ್ಲಬ್ಬಿನ ಉತ್ತುಂಗವೆಂದು ಕರೆಯಬಹುದು.

2018ರ ನಂತರ

2018ರಲ್ಲಿ ಲಿಯೋನ್ ಇಟಲಿಯ ಪೆರೂಜಾ ತಂಡಕ್ಕೆ ಹೋದರು. ಅವರ ಸ್ಥಾನಕ್ಕೆ ಬಂದವರು ಫ್ರಾನ್ಸಿನ ಎರ್ವಿನ್ ಎನ್‌ಗಪೆತ್. ಮರುವರ್ಷ ಬರ್ಲಿನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯದಲ್ಲಿ ಜೆನಿತ್ ಮೊದಲ ಸೆಟ್ಟನ್ನು ಸುಲಭವಾಗಿ ಗೆದ್ದು, ಮುಂದಿನ ಮೂರನ್ನು ಲೂಬೆ ಚಿವಿತನೋವಾಕ್ಕೆ ಬಿಟ್ಟುಕೊಟ್ಟಿತು. ಅದೇ ಋತುವಿನಲ್ಲಿ ಸೈಬೀರಿಯಾದ ಕೆಮೆರೊವೊ ನಗರದ ಕುಜ್ಬಾಸ್ ತಂಡ ರಷ್ಯಾದ ಪಟ್ಟವನ್ನೂ ಕಸಿದುಕೊಂಡಿತು. ಐದು ವರ್ಷಗಳ ಪ್ರಭುತ್ವ ಕೆಲವೇ ವಾರಗಳ ಅವಧಿಯಲ್ಲಿ ಕೊನೆಗೊಂಡಿತು. 2021ರ ಸೆಮಿಫೈನಲ್‌ನಲ್ಲಿ ಪೋಲೆಂಡಿನ ಜಾಕ್ಸಾ ತಂಡ, ಎರಡೂ ಪಂದ್ಯಗಳ ನಂತರ ಸಮಬಲವಾದಾಗ ಆಡಿಸುವ ಹೆಚ್ಚುವರಿ ‘ಗೋಲ್ಡನ್ ಸೆಟ್’ನಲ್ಲಿ ಕಜಾನ್ ತಂಡವನ್ನು ಹೊರಗಟ್ಟಿತು ಮತ್ತು ಆ ವರ್ಷದ ಚಾಂಪಿಯನ್ ಆಯಿತು.

2021ರಲ್ಲಿ ಅಲೆಕ್ನೊ ಕ್ಲಬ್ಬನ್ನು ತೊರೆದರು. ಆ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಇರಾನ್ ತಂಡದ ತರಬೇತುದಾರರಾಗಿದ್ದರು. ಟೋಕಿಯೊದಲ್ಲಿ ಬೀಜಿಂಗ್‌ನ ಕಥೆ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಅಂತಿಮ ಪಂದ್ಯದಲ್ಲಿ ಮಿಖೈಲೊವ್ ಆಡುತ್ತಿದ್ದ ರಷ್ಯನ್ನರ ತಂಡವನ್ನು ಫ್ರಾನ್ಸ್ 3–2ರಿಂದ ಸೋಲಿಸಿತು. ಕೂಟದ ಅತ್ಯುತ್ತಮ ಆಟಗಾರನೆನಿಸಿದವರು, ಆಗಷ್ಟೇ ಕಜಾನ್‌ನಲ್ಲಿ ತಮ್ಮ ಅವಧಿ ಮುಗಿಸಿದ್ದ ಎನ್‌ಗಪೆತ್.

ಅಲೆಕ್ನೊ ಅವರ ಸ್ಥಾನಕ್ಕೆ ರಾಷ್ಟ್ರೀಯ ತಂಡದ ಹಿಂದಿನ ಲಿಬೆರೊ ಅಲೆಕ್ಸೆಯ್ ವೆರ್ಬೊವ್ ಬಂದರು. ಅವರು ಅಧಿಕಾರ ವಹಿಸಿಕೊಂಡ ಮೊದಲ ಋತುವಿನ ನಡುವೆಯೇ, 2022ರ ಫೆಬ್ರವರಿಯಲ್ಲಿ, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಯುರೋಪಿಯನ್ ಮತ್ತು ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆಗಳು ರಷ್ಯಾದ ತಂಡಗಳನ್ನು ಸ್ಪರ್ಧೆಗಳಿಂದ ಹೊರಗಿಟ್ಟವು. ಆ ವರ್ಷ ರಷ್ಯಾದಲ್ಲಿ ನಡೆಯಬೇಕಿದ್ದ ಪುರುಷರ ವಿಶ್ವ ಚಾಂಪಿಯನ್‌ಷಿಪ್ ಪೋಲೆಂಡ್ ಮತ್ತು ಸ್ಲೊವೇನಿಯಾ ದೇಶಗಳಿಗೆ ವರ್ಗವಾಯಿತು. ಯುರೋಪಿನಲ್ಲಿ ಹೆಸರು ಮಾಡುವುದನ್ನೇ ಗುರಿಯಾಗಿಸಿಕೊಂಡು ಕಟ್ಟಿದ್ದ ಕ್ಲಬ್ಬಿಗೆ ಯುರೋಪಿನ ಬಾಗಿಲೇ ಮುಚ್ಚಿದಂತಾಯಿತು. ವಿದೇಶಿ ತಾರೆಯರಲ್ಲಿ ಹಲವರು ರಷ್ಯಾದ ಲೀಗ್ ಬಿಟ್ಟರು. 2023ರಲ್ಲಿ ಜೆನಿತ್ ಮತ್ತೆ ರಷ್ಯಾದ ಚಾಂಪಿಯನ್ ಆಯಿತು. ಆದರೆ ಆ ಪಟ್ಟದೊಂದಿಗೆ ಹಿಂದೆಲ್ಲ ಬರುತ್ತಿದ್ದ ಚಾಂಪಿಯನ್ಸ್ ಲೀಗ್ ಪ್ರವೇಶ ಈ ಬಾರಿ ಬರಲಿಲ್ಲ.